ಅಡ್ಡ ಬಂದವರ ಹಕ್ಕು

ಪಾದಚಾರಿಯೊಬ್ಬರಿಗೆ ಕಾರು ಡಿಕ್ಕಿ ಹೊಡೆದ ಸುದ್ದಿ ಬಂದೊಡನೆ ಅವರು ಎಲ್ಲಿ ದಾಟುತ್ತಿದ್ದರು, ಅಲ್ಲಿ ಸಿಗ್ನಲ್ ಇತ್ತೇ, ಕಿವಿಗೆ ಮೊಬೈಲ್ ಹಿಡಿದಿದ್ದರೇ ಎಂಬ ಪ್ರಶ್ನೆಗಳು ಮೊದಲು ಏಳುತ್ತವೆ. ಕಾರು ಎಷ್ಟು ವೇಗದಲ್ಲಿತ್ತು ಎಂಬುದನ್ನು ಕೇಳುವವರು ಕಡಿಮೆ. ಈ ಪ್ರಶ್ನೆಗಳ ಸರದಿಯಲ್ಲಿಯೇ ಒಂದು ತೀರ್ಮಾನ ಅಡಗಿದೆ. ನಡೆಯುವವರ ಕಡೆಯಿಂದ ಕೊಂಚ ತಪ್ಪಾಗಿದ್ದರೂ ಅವರಿಗೆ ಪರಿಹಾರ ಕೇಳುವ ಹಕ್ಕೇ ಇಲ್ಲ ಎಂಬುದು ಅದರ ಒರಟು ರೂಪ; ಹಕ್ಕೇನೋ ಇದೆ, ಆದರೆ ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಪರಿಹಾರದ ಮೊತ್ತವನ್ನು ಕಡಿತಗೊಳಿಸುವುದೇ ನ್ಯಾಯ ಎಂಬುದು ಅದರ ನಯವಾದ ರೂಪ. ಮೊದಲನೆಯದು ಕಾನೂನಿನ ದೃಷ್ಟಿಯಿಂದಲೇ ತಪ್ಪಾಗಿರುವುದರಿಂದ ಅದನ್ನು ತಳ್ಳಿಹಾಕಲು ಹೆಚ್ಚು ಶ್ರಮ ಬೇಕಿಲ್ಲ. ಎರಡನೆಯದು ನ್ಯಾಯಮಂಡಳಿಗಳ ದಿನನಿತ್ಯದ ರೂಢಿಯಾಗಿ, ವಕೀಲರೂ ವಿಮಾ ಕಂಪನಿಗಳೂ ಸಹಜವೆಂದು ಒಪ್ಪಿಕೊಂಡ, ಮೇಲ್ನೋಟಕ್ಕೆ ಸಮತೂಕದ ಮಾತಿನಂತೆ ಕೇಳಿಸುವ ನಿಲುವು; ಖಂಡನೆಗೆ ನಿಜವಾಗಿ ಅರ್ಹವಾದದ್ದು ಅದೇ.

ಒರಟು ರೂಪದ ಬೇರು ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿದೆ. 1809ರ ಬಟರ್‌ಫೀಲ್ಡ್ ವಿರುದ್ಧ ಫಾರೆಸ್ಟರ್ ಮೊಕದ್ದಮೆಯಲ್ಲಿ, ರಸ್ತೆಗೆ ಅಡ್ಡಲಾಗಿ ಕಂಬ ಇಟ್ಟವನ ತಪ್ಪು ಸ್ಪಷ್ಟವಾಗಿದ್ದರೂ, ಕುದುರೆಯನ್ನು ಜೋರಾಗಿ ಓಡಿಸಿಕೊಂಡು ಬಂದು ಅದಕ್ಕೆ ಬಡಿದವನು ತಾನೂ ಎಚ್ಚರ ತಪ್ಪಿದ್ದನೆಂಬ ಕಾರಣಕ್ಕೆ ಬರಿಗೈಯಲ್ಲಿ ಮರಳಬೇಕಾಯಿತು. ಈ ನಿಯಮದ ಕ್ರೌರ್ಯ ನ್ಯಾಯಾಧೀಶರಿಗೇ ಸಹಿಸಲಾಗದೆ, 1842ರ ಡೇವಿಸ್ ವಿರುದ್ಧ ಮ್ಯಾನ್ ಮೊಕದ್ದಮೆಯಲ್ಲಿ, ಮುಂಗಾಲು ಕಟ್ಟಿ ರಸ್ತೆಯಲ್ಲಿ ಬಿಟ್ಟಿದ್ದ ಕತ್ತೆಯ ಮೇಲೆ ಬಂಡಿ ಹರಿದಾಗ, ಅಪಘಾತ ತಪ್ಪಿಸುವ ಕೊನೆಯ ಅವಕಾಶ ಯಾರಿಗಿತ್ತೋ ಅವರದೇ ಹೊಣೆ ಎಂಬ ಹೊಸ ಸೂತ್ರವೊಂದು ರೂಪುಗೊಂಡಿತು. ಕತ್ತೆಯ ಒಡೆಯನಿಗೆ ಅಂದು ಸಿಕ್ಕ ಔದಾರ್ಯವನ್ನು ಇಂದು ಮನುಷ್ಯರಿಗೆ ಕೇಳಬೇಕಾಗಿ ಬಂದಿರುವುದು ವಿಚಿತ್ರವೇ ಸರಿ. 1945ರಲ್ಲಿ ಬ್ರಿಟಿಷ್ ಸಂಸತ್ತು ಶಾಸನ ಮಾಡಿ, ಗಾಯಾಳುವಿನ ತಪ್ಪಿದ್ದರೆ ಹಕ್ಕು ಪೂರ್ತಿ ಹೋಗುವುದಿಲ್ಲ, ಮೊತ್ತ ಮಾತ್ರ ಇಳಿಯುತ್ತದೆ ಎಂದು ಗೊತ್ತುಮಾಡಿತು. ಭಾರತದಲ್ಲಿ ಕೇರಳ 1976ರಲ್ಲಿ ಇಂಥದೇ ನಿಯಮವನ್ನು ಶಾಸನದಲ್ಲಿ ಬರೆದುಕೊಂಡಿತು. ಉಳಿದೆಡೆ ನ್ಯಾಯಾಲಯಗಳು ಇದೇ ಹಂಚಿಕೆಯ ತತ್ತ್ವವನ್ನು ತೀರ್ಪುಗಳ ಮೂಲಕ ತಂದವು. ಹಾಗಾಗಿ ಅಡ್ಡ ಬಂದವರಿಗೆ ಏನೂ ಸಿಗುವುದಿಲ್ಲ ಎಂಬ ಜನರ ನಂಬಿಕೆಗೆ ಕರ್ನಾಟಕದಲ್ಲಾಗಲಿ ದೇಶದ ಬೇರೆಡೆಯಾಗಲಿ ಕಾನೂನಿನ ಆಧಾರವಿಲ್ಲ. ಆ ನಂಬಿಕೆಯಿಂದಲೇ ಅರ್ಜಿಯನ್ನೂ ಹಾಕದೆ ಸುಮ್ಮನಾಗುವ ಕುಟುಂಬಗಳಿವೆ ಎಂಬುದು ಅದರ ಹಾನಿ.

ಈಗ ಜಾರಿಯಲ್ಲಿರುವ ವ್ಯವಸ್ಥೆ ಹೀಗಿದೆ. ಮೋಟಾರು ವಾಹನಗಳ ಕಾಯ್ದೆ 1988ರ 166ನೆಯ ಕಲಮಿನಂತೆ ಗಾಯಾಳು ಅಥವಾ ಮೃತರ ವಾರಸುದಾರರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುತ್ತಾರೆ. ಕರ್ನಾಟಕದ ಕೋರ್ಟುಗಳಲ್ಲಿ ಎಂ.ವಿ.ಸಿ. ಎಂಬ ಅಕ್ಷರಗಳೊಡನೆ ಸಂಖ್ಯೆ ಪಡೆಯುವ ಪ್ರಕರಣಗಳು ಇವೇ. ನ್ಯಾಯಯುತವೆಂದು ತನಗೆ ಕಂಡ ಪರಿಹಾರವನ್ನು ಗೊತ್ತುಪಡಿಸುವ ಅಧಿಕಾರವನ್ನು 168ನೆಯ ಕಲಂ ನ್ಯಾಯಮಂಡಳಿಗೆ ಕೊಟ್ಟಿದೆ. ಚಾಲಕನ ನಿರ್ಲಕ್ಷ್ಯವನ್ನು ಅರ್ಜಿದಾರರು ತೋರಿಸಬೇಕು ನಿಜ, ಆದರೆ ಕ್ರಿಮಿನಲ್ ಮೊಕದ್ದಮೆಯಲ್ಲಿರುವಂತೆ ಸಂಶಯಕ್ಕೆ ಎಡೆಯಿಲ್ಲದಂತೆ ಅಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಸಾಕು. ಗಾಯಾಳುವಿನ ಅಜಾಗರೂಕತೆಯೂ ಅಪಘಾತಕ್ಕೆ ಭಾಗಶಃ ಕಾರಣ ಎಂಬ ತಕರಾರನ್ನು ವಕೀಲರು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎನ್ನುತ್ತಾರೆ, ಇಲ್ಲಿ ಅದನ್ನು ಸಹನಿರ್ಲಕ್ಷ್ಯ ಎನ್ನೋಣ. ಈ ತಕರಾರನ್ನು ಎತ್ತಿದವರೇ, ಅಂದರೆ ಸಾಮಾನ್ಯವಾಗಿ ವಿಮಾ ಕಂಪನಿಯೇ, ಸಾಕ್ಷ್ಯ ಕೊಟ್ಟು ಅದನ್ನು ಸಾಬೀತುಪಡಿಸಬೇಕು. ಅಷ್ಟೇ ಅಲ್ಲ, ನಿಯಮ ಮುರಿದದ್ದಕ್ಕೂ ಅಪಘಾತಕ್ಕೂ ಕಾರಣ–ಕಾರ್ಯ ಸಂಬಂಧವಿರಬೇಕು: ಪರವಾನಗಿ ಇಲ್ಲದೆ ವಾಹನ ಓಡಿಸುತ್ತಿದ್ದುದು ತಾನಾಗಿಯೇ ಸಹನಿರ್ಲಕ್ಷ್ಯವಾಗದು ಎಂದು 2008ರಲ್ಲಿಯೂ, ಬೈಕಿನಲ್ಲಿ ಮೂವರು ಕೂತಿದ್ದರು ಎಂಬುದೊಂದೇ ಕಾರಣಕ್ಕೆ ಹಿಂದಿನಿಂದ ಗುದ್ದಿದ ಕಾರಿನ ಹೊಣೆ ಕಡಿಮೆಯಾಗದು ಎಂದು 2020ರಲ್ಲಿಯೂ ಸುಪ್ರೀಂ ಕೋರ್ಟ್ ಹೇಳಿದೆ. ಈ ತತ್ತ್ವವನ್ನು ಪಾದಚಾರಿಗೆ ಅನ್ವಯಿಸಿದರೆ, ಬಿಳಿ ಪಟ್ಟೆಯ ಮೇಲೆ ದಾಟಲಿಲ್ಲ ಎಂಬುದು ಸಹನಿರ್ಲಕ್ಷ್ಯದ ಆರೋಪವಾಗಬಹುದೇ ಹೊರತು ಪುರಾವೆಯಾಗಲಾರದು.

ಪುರಾವೆ ಎಲ್ಲಿಂದ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅಪಘಾತದ ಕಡತದಲ್ಲಿ ಎಫ್‌ಐಆರ್, ಸ್ಥಳ ಮಹಜರು, ಕೈಯಿಂದ ಬರೆದ ಒಂದು ನಕ್ಷೆ, ಗಾಯದ ಪ್ರಮಾಣಪತ್ರ, ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ ಇರುತ್ತವೆ. ಇವುಗಳಲ್ಲಿ ಸಹನಿರ್ಲಕ್ಷ್ಯದ ತಕರಾರು ಹೆಚ್ಚಾಗಿ ನೇತಾಡುವುದು ಆ ನಕ್ಷೆಗೆ: ಎರಡು ಗೆರೆಗಳ ನಡುವೆ ರಸ್ತೆ, ಅದರ ಅಗಲ ಇಷ್ಟು ಅಡಿ, ಅಂಚಿನಿಂದ ಇಷ್ಟು ಅಡಿ ಒಳಗೆ ಡಿಕ್ಕಿಯಾದ ಜಾಗಕ್ಕೊಂದು ಗುಣಾಕಾರ ಚಿಹ್ನೆ. ಆ ಚಿಹ್ನೆ ರಸ್ತೆಯ ನಡುವೆ ಬಿದ್ದರೆ ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರಿಗೆ ಬೇಕಾದ ವಾಕ್ಯ ಸಿದ್ಧವಾಗುತ್ತದೆ. ಆದರೆ ಅಲ್ಲಿಗೆ ಪೊಲೀಸರು ಬರುವ ವೇಳೆಗೆ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಲಾಗಿರುತ್ತದೆ, ವಾಹನವನ್ನು ಬದಿಗೆ ಸರಿಸಲಾಗಿರುತ್ತದೆ, ಜಾಗವನ್ನು ತೋರಿಸಿಕೊಡಲು ಅನೇಕ ವೇಳೆ ಉಳಿದಿರುವವನು ಚಾಲಕನೊಬ್ಬನೇ. ನಕ್ಷೆಯಲ್ಲಿ ಕಾರಿನ ವೇಗಕ್ಕೆ ಜಾಗವೇ ಇಲ್ಲ. ಪಾದಚಾರಿಯ ನಿಲುವು ಅಡಿಗಳಲ್ಲಿ ದಾಖಲಾಗುತ್ತದೆ, ಚಾಲಕನ ನಡೆ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ಸವಕಲು ನುಡಿಗಟ್ಟಿನಲ್ಲಿ ಮುಗಿಯುತ್ತದೆ. ಇಂಥ ಕಾಗದದ ಮೇಲೆ ನಿಂತು ಇಬ್ಬರ ತಪ್ಪನ್ನು ತೂಗಲು ಹೊರಟವರು ಒಂದು ಕಡೆಯ ಅಳತೆಯನ್ನು ಮಾತ್ರ ಕೈಯಲ್ಲಿ ಹಿಡಿದಿರುತ್ತಾರೆ.

ಚಾಲಕನ ಹೇಳಿಕೆಯಲ್ಲಿ ತಪ್ಪದೆ ಬರುವ ಮಾತು ‘ಏಕಾಏಕಿ ಅಡ್ಡ ಬಂದರು’ ಎಂಬುದು. ಅದು ಸುಳ್ಳೇ ಆಗಿರಬೇಕೆಂದಿಲ್ಲ. ಅವನಿಗೆ ಹಾಗೆಯೇ ಕಂಡಿರಬಹುದು. ಆದರೆ ಏಕಾಏಕಿ ಎಂಬುದು ದಾಟುವವರ ಗುಣವಲ್ಲ, ಬಹುಪಾಲು ಅದು ಬರುತ್ತಿರುವ ವಾಹನದ ವೇಗದ ಫಲ. ಏಳು ಮೀಟರ್ ಅಗಲದ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರಿನಂತೆ ಸಾಧಾರಣ ನಡಿಗೆಯಲ್ಲಿ ದಾಟಲು ಸುಮಾರು ಆರು ಸೆಕೆಂಡು ಬೇಕು; ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ ಸುಮಾರು 100 ಮೀಟರ್ ಬಂದಿರುತ್ತದೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ಮುದುಕಿ ಅದೇ ರಸ್ತೆಗೆ ಒಂಬತ್ತು ಸೆಕೆಂಡಿನಷ್ಟು ತೆಗೆದುಕೊಳ್ಳುತ್ತಾಳೆ, ಕಾರು ಆ ಹೊತ್ತಿಗೆ 145 ಮೀಟರ್ ಸಾಗಿರುತ್ತದೆ. ಅಂದರೆ ಆಕೆ ಹೆಜ್ಜೆ ಇಟ್ಟಾಗ ಅದು ಕಣ್ಣಿಗೆ ಒಂದು ಚುಕ್ಕೆಯಂತೆ ಇತ್ತು, ಅಥವಾ ತಿರುವಿನಾಚೆ ಇತ್ತು. ಇನ್ನು ನಿಲ್ಲಿಸುವ ಮಾತು: ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಹಿಡಿಯುವ ಚಾಲಕನು 60ರ ವೇಗದಲ್ಲಿ ಬ್ರೇಕ್ ಒತ್ತುವ ಮುನ್ನವೇ 17 ಮೀಟರಿನಷ್ಟು ಮುಂದೆ ಹೋಗಿರುತ್ತಾನೆ, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನೊಡನೆ ಒಟ್ಟು 35 ಮೀಟರಿಗೂ ಮೀರಿ ಬೇಕಾಗುತ್ತದೆ, 30ರ ವೇಗದಲ್ಲಿ ಅದೆಲ್ಲ ಸುಮಾರು 13 ಮೀಟರಿನಲ್ಲಿ ಮುಗಿಯುತ್ತದೆ. ಒಂದೇ ಹೆಂಗಸು, ಅದೇ ಹೆಜ್ಜೆ, ಅದೇ ಜಾಗ. ಕಾರಿನ ವೇಗ ಅರ್ಧವಾದರೆ ಆಕೆಯ ‘ತಪ್ಪು’ ತಪ್ಪಾಗಿ ಯಾರ ಗಮನಕ್ಕೂ ಬರುವುದಿಲ್ಲ, ಯಾಕೆಂದರೆ ಏನೂ ಆಗಿರುವುದಿಲ್ಲ.

ಈ ಕಾರಣದಿಂದ ತಪ್ಪನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ಕ್ರಮವು ಅಳತೆಯ ವೇಷ ತೊಟ್ಟ ಊಹೆಯಾಗಿ ಉಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ 2004ರಲ್ಲಿ ಶಾಲೆಯ ಮಿನಿಬಸ್ಸಿನಿಂದ ಇಳಿದು ಅದರ ಹಿಂದಿನಿಂದ ರಸ್ತೆಗೆ ಕಾಲಿಟ್ಟ 13 ವರ್ಷದ ಬಾಲಕಿಗೆ ಕಾರು ಬಡಿಯಿತು. ಬಸ್ಸು ನಿಂತಿರುವುದು ಕಂಡರೂ ಚಾಲಕನು ವೇಗ ತಗ್ಗಿಸಿರಲಿಲ್ಲ. ಮೊದಲ ನ್ಯಾಯಾಧೀಶರು ಬಾಲಕಿಯ ಪಾಲು ಶೇಕಡಾ 90 ಎಂದರು, ಮೇಲ್ಮನವಿಯಲ್ಲಿ ಅದು 70 ಆಯಿತು, 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 50 ಎಂದಿತು, ಆ ಪೀಠದಲ್ಲಿಯೂ ಒಮ್ಮತವಿರಲಿಲ್ಲ. ಸಾಕ್ಷ್ಯ ಒಂದೇ, ಸಂಗತಿಗಳು ಒಂದೇ, ಎಲ್ಲರೂ ನುರಿತ ನ್ಯಾಯಾಧೀಶರೇ. ಹೀಗಿದ್ದೂ ಬಾಲಕಿಗೆ ಸಿಗಬೇಕಾದ್ದು ಹತ್ತರಲ್ಲಿ ಒಂದು ಪಾಲೋ ಐದು ಪಾಲೋ ಎಂಬಷ್ಟು ಅಂತರ. ಭಾರತದ ತೀರ್ಪುಗಳಲ್ಲಿ 10, 20, 25, 50 ಎಂಬ ದುಂಡು ಸಂಖ್ಯೆಗಳೇ ಮತ್ತೆ ಮತ್ತೆ ಬರುವುದನ್ನು ನೋಡಿದರೆ, ಅವು ಲೆಕ್ಕ ಹಾಕಿ ಬಂದ ಉತ್ತರಗಳಲ್ಲ ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ಆ ದುಂಡು ಸಂಖ್ಯೆ ಮನೆಯೊಂದರಲ್ಲಿ ಮಾಡುವ ಕೆಲಸ ಮಾತ್ರ ನಿಖರವಾದದ್ದು. ತಿಂಗಳಿಗೆ 15,000 ರೂಪಾಯಿ ದುಡಿಯುವ, ನಾಲ್ವರು ಅವಲಂಬಿತರಿರುವ, 35 ವರ್ಷದ ತರಕಾರಿ ವ್ಯಾಪಾರಿಯೊಬ್ಬಳು ರಸ್ತೆ ದಾಟುವಾಗ ಸತ್ತಳು ಎಂದು ಭಾವಿಸಿದರೆ, 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳು ಹಾಕಿಕೊಟ್ಟ ಸೂತ್ರದಂತೆ ಮುಂದಿನ ಗಳಿಕೆಯ ಬಾಬ್ತು ಶೇಕಡಾ 40 ಸೇರಿಸಿ, ಆಕೆಯ ಸ್ವಂತ ಖರ್ಚೆಂದು ಕಾಲು ಭಾಗ ಕಳೆದು, ವಯಸ್ಸಿಗೆ ಗೊತ್ತಾದ 16ರ ಗುಣಕದಿಂದ ವಾರ್ಷಿಕ ಮೊತ್ತವನ್ನು ಗುಣಿಸಿದಾಗ ಅವಲಂಬನೆಯ ನಷ್ಟ 30,24,000 ರೂಪಾಯಿ ಆಗುತ್ತದೆ. ಸಹನಿರ್ಲಕ್ಷ್ಯ ಶೇಕಡಾ 25 ಎಂದು ಒಂದು ಸಾಲು ಬರೆದರೆ ಅದರಿಂದ 7,56,000 ರೂಪಾಯಿ ಹೋಗುತ್ತದೆ. ಅದು ಆಕೆಯ ನಾಲ್ಕು ವರ್ಷಕ್ಕೂ ಮಿಕ್ಕ ದುಡಿಮೆ. ಉಳಿದ ಮುಕ್ಕಾಲು ಪಾಲನ್ನು ಚಾಲಕನು ತನ್ನ ಜೇಬಿನಿಂದ ಕೊಡುವುದೂ ಇಲ್ಲ. ಮೂರನೇ ವ್ಯಕ್ತಿ ವಿಮೆ, ಎಂದರೆ ವಾಹನದಿಂದ ಹೊರಗಿನವರಿಗಾಗುವ ಹಾನಿಗೆ ಮಾಲೀಕನು ಕಡ್ಡಾಯವಾಗಿ ಮಾಡಿಸಬೇಕಾದ ವಿಮೆ, ಈ ದೇಶದಲ್ಲಿ 1939ರ ಕಾಯ್ದೆಯಿಂದ ಬಂದದ್ದು. ಚಾಲಕನ ತಪ್ಪಿನ ಭಾರ ಅದರ ಮೂಲಕ ಲಕ್ಷಾಂತರ ಪಾಲಿಸಿದಾರರ ಮೇಲೆ ಹರಡಿಹೋಗುತ್ತದೆ. ಪಾದಚಾರಿಯ ತಪ್ಪಿನ ಭಾರ ಹಾಗೆ ಎಲ್ಲಿಯೂ ಹರಡುವುದಿಲ್ಲ, ಅದು ಇಡಿಯಾಗಿ ಆ ನಾಲ್ವರ ಮೇಲೆಯೇ ಬೀಳುತ್ತದೆ. ತಪ್ಪಿಗೆ ತಕ್ಕ ಹಂಚಿಕೆ ಎಂಬ ಮಾತು ಕೇಳಲು ಚೆಂದ; ಆದರೆ ಹಂಚಿಕೆಯ ಇಬ್ಬರು ಪಾಲುದಾರರಲ್ಲಿ ಒಬ್ಬನು ತನ್ನ ಪಾಲನ್ನು ನಿಜವಾಗಿ ಹೊರುವುದೇ ಇಲ್ಲ.

ತೀರ್ಪಿಗೂ ಮುಂಚೆಯೇ ಈ ಶೇಕಡಾ ತನ್ನ ಪ್ರಭಾವ ಬೀರುತ್ತದೆ ಎಂಬುದು ಹೊರಗಿನವರಿಗೆ ಕಾಣುವುದು ಕಡಿಮೆ. ಬಹಳಷ್ಟು ಪ್ರಕರಣಗಳು ಲೋಕ ಅದಾಲತ್‌ಗಳಲ್ಲಿ ರಾಜಿಯಾಗುತ್ತವೆ. ಕೇಸು ನಡೆಸಿದರೆ ಸಹನಿರ್ಲಕ್ಷ್ಯ ಎಷ್ಟು ಹೊರಿಸುತ್ತಾರೋ ಗೊತ್ತಿಲ್ಲ, ಈಗಲೇ ಇಷ್ಟಕ್ಕೆ ಒಪ್ಪಿಕೊಳ್ಳುವುದು ಲೇಸು ಎಂಬ ಮಾತು ಅಲ್ಲಿ ಅರ್ಜಿದಾರರ ಕಿವಿಗೆ ಬೀಳುತ್ತದೆ. ಸಾಬೀತಾಗದ, ಸಾಬೀತುಪಡಿಸುವ ಯತ್ನವೂ ನಡೆಯದ ಆರೋಪವೊಂದು ಹೀಗೆ ಮೊತ್ತವನ್ನು ಇಳಿಸಿ, ಯಾವ ತೀರ್ಪಿನಲ್ಲಿಯೂ ದಾಖಲಾಗದೆ ಮರೆಯಾಗುತ್ತದೆ.

ನಯವಾದ ನಿಲುವಿನ ಸಮರ್ಥಕರು ಮುಂದಿಡುವ ವಾದಗಳಲ್ಲಿ ಮುಖ್ಯವಾದದ್ದು, ರಸ್ತೆಯಲ್ಲಿ ಎಲ್ಲರಿಗೂ ಎಚ್ಚರದ ಕರ್ತವ್ಯ ಸಮಾನ ಎಂಬುದು. ಕರ್ತವ್ಯ ಎಲ್ಲರಿಗೂ ಇದೆ ಎನ್ನುವುದು ಒಂದು, ಅದು ಸಮಾನ ಎನ್ನುವುದು ಇನ್ನೊಂದು. ಟನ್ನಿಗೂ ಮಿಕ್ಕ ತೂಕದ ಯಂತ್ರವನ್ನು ಜನರ ನಡುವೆ ಓಡಿಸಲು ಪರವಾನಗಿ ಬೇಕು, ನಡೆಯಲು ಬೇಡ; ಕಾರಣ, ಅಪಾಯವನ್ನು ರಸ್ತೆಗೆ ತರುವವನು ಮೊದಲನೆಯವನು. 2017ರ ಚಾಲನಾ ನಿಯಮಾವಳಿಯೂ ಪಾದಚಾರಿಗಳು, ಮಕ್ಕಳು, ವೃದ್ಧರು, ಅಂಗವಿಕಲರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕೆಂದು ಚಾಲಕನಿಗೆ ಹೇಳುತ್ತದೆ. ಅಂದ ಮೇಲೆ ಮಕ್ಕಳು ಓಡುತ್ತಾರೆ, ವೃದ್ಧರು ತಡಬಡಾಯಿಸುತ್ತಾರೆ, ದಣಿದವರು ಎಡಬಲ ನೋಡುವುದನ್ನು ಮರೆಯುತ್ತಾರೆ ಎಂಬುದನ್ನು ಮುಂಗಾಣುವುದೇ ಚಾಲಕನ ಕರ್ತವ್ಯದ ತಿರುಳು. ಮುಂಗಾಣಬೇಕಾಗಿದ್ದ ಸಂಗತಿಯನ್ನೇ ಅವನ ರಕ್ಷಣೆಯ ವಾದವಾಗಿ ಒಪ್ಪುವುದು ತರ್ಕಕ್ಕೆ ಒಗ್ಗುವುದಿಲ್ಲ.

ಪೂರ್ಣ ಪರಿಹಾರ ಕೊಟ್ಟರೆ ಜನ ಇನ್ನಷ್ಟು ಅಜಾಗರೂಕರಾಗುತ್ತಾರೆ ಎಂಬ ವಾದಕ್ಕೆ ಉತ್ತರ ಬಲು ಸುಲಭ: ತೊಡೆಯ ಮೂಳೆಯನ್ನು ಪಣವಿಟ್ಟು, ವರ್ಷಗಳ ನಂತರ ಬರಬಹುದಾದ ಚೆಕ್ಕಿಗಾಗಿ ಕಾರಿನ ಮುಂದೆ ನುಗ್ಗುವವರಿಲ್ಲ. ಫ್ರಾನ್ಸಿನಲ್ಲಿ 1985ರ ಜುಲೈ 5ರ ಕಾಯ್ದೆಯಿಂದ ಪಾದಚಾರಿಯ ದೈಹಿಕ ಹಾನಿಗೆ ಅವರ ತಪ್ಪನ್ನು ತೋರಿಸಿ ಪರಿಹಾರ ಇಳಿಸುವಂತಿಲ್ಲ. ಕ್ಷಮಿಸಲಾಗದಂಥ ತಪ್ಪಾಗಿದ್ದು ಅದೊಂದೇ ಅಪಘಾತಕ್ಕೆ ಕಾರಣವಾಗಿದ್ದರೆ ಮಾತ್ರ ವಿನಾಯಿತಿ, 16ಕ್ಕಿಂತ ಚಿಕ್ಕವರಿಗೂ 70 ದಾಟಿದವರಿಗೂ ಆ ವಿನಾಯಿತಿಯೂ ಅನ್ವಯಿಸದು, ಬೇಕೆಂದೇ ಹಾನಿ ತಂದುಕೊಂಡವರನ್ನು ಬಿಟ್ಟರೆ. ನೆದರ್ಲೆಂಡ್ಸ್‌ನಲ್ಲಿ 14ಕ್ಕಿಂತ ಚಿಕ್ಕ ಮಕ್ಕಳಿಗೆ ಪೂರ್ತಿ, ದೊಡ್ಡವರಿಗೆ ಅವರ ತಪ್ಪು ಎಷ್ಟೇ ಇದ್ದರೂ ಕನಿಷ್ಠ ಅರ್ಧ ಎಂಬ ನಿಯಮವಿದೆ. ಈ ದೇಶಗಳ ರಸ್ತೆಗಳು ಆತ್ಮಹತ್ಯೆಯ ಅಂಗಳಗಳಾಗಿಲ್ಲ.

ಮೂರನೆಯ ವಾದ ಚಾಲಕನ ಬಗೆಗಿನ ಅನುಕಂಪದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಿಯಮದಂತೆ ಓಡಿಸುತ್ತಿದ್ದವನನ್ನೂ ಹೊಣೆ ಮಾಡುವುದು ಸರಿಯೇ ಎಂಬ ಸಂಕಟ ಪ್ರಾಮಾಣಿಕವಾದದ್ದೇ. ಆದರೆ ಅದು ಪರಿಹಾರವನ್ನೂ ಶಿಕ್ಷೆಯನ್ನೂ ಒಂದೇ ಎಂದು ಭಾವಿಸುವುದರಿಂದ ಹುಟ್ಟಿದ ಸಂಕಟ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ ಇದೆ, ಅದರ ವಿಚಾರಣೆ ಬೇರೆ ಕೋರ್ಟಿನಲ್ಲಿ, ಬೇರೆ ಮಟ್ಟದ ಸಾಕ್ಷ್ಯದ ಮೇಲೆ ನಡೆಯುತ್ತದೆ. ಅಲ್ಲಿ ಸಂಶಯದ ಲಾಭ ಚಾಲಕನಿಗೇ ಸಲ್ಲಬೇಕು. ಪರಿಹಾರದ ಪ್ರಕರಣದಲ್ಲಿ ಹಣ ವಿಮೆಯಿಂದ ಬರುವುದರಿಂದ, ಪೂರ್ಣ ಮೊತ್ತ ಕೊಡಿಸುವುದೆಂದರೆ ಅವನನ್ನು ಅಪರಾಧಿ ಎಂದಂತಲ್ಲ. ಇದರಿಂದ ವಿಮಾ ಕಂತು ಏರಬಹುದು, ನಿಜ. ಮೋಟಾರಿನ ಅನುಕೂಲ ಪಡೆಯುವವರು ಅದರ ಅಪಾಯದ ಬೆಲೆಯನ್ನು ಕೊಡುವುದರಲ್ಲಿ ಅನ್ಯಾಯವೇನೂ ಇಲ್ಲ. ಎರಡೂ ಬದಿಗೆ ಬೇಲಿಯಿದ್ದು, ಕೆಳಸೇತುವೆಯೂ ಹತ್ತಿರವಿದ್ದು, ಬೇಲಿ ಹಾರಿ ವೇಗದ ಹೆದ್ದಾರಿಗೆ ಇಳಿದವರ ವಿಷಯ ಮಾತ್ರ ಕಠಿಣ. ಫ್ರಾನ್ಸಿನ ವಿನಾಯಿತಿಯಂಥದೊಂದು ಅಲ್ಲಿ ಒಪ್ಪತಕ್ಕದ್ದೆನಿಸುತ್ತದೆ.

ಅಂಥ ಬೇಲಿ, ಅಂಥ ಕೆಳಸೇತುವೆ ಎಷ್ಟು ಕಡೆ ಇವೆ? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಬೆಂಗಳೂರಿನ ವರ್ತುಲ ರಸ್ತೆಗಳಲ್ಲಾಗಲಿ, ಊರನ್ನು ಸೀಳಿಕೊಂಡು ಹೋಗುವ ಹೆದ್ದಾರಿಗಳಲ್ಲಾಗಲಿ, ಫುಟ್‌ಪಾತ್ ಇದ್ದಕ್ಕಿದ್ದಂತೆ ಮುಗಿದು ಟ್ರಾನ್ಸ್‌ಫಾರ್ಮರೋ ನಿಲ್ಲಿಸಿದ ಕಾರೋ ಎದುರಾದಾಗ ರಸ್ತೆಗಿಳಿಯುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಸ್ಕೈವಾಕಿನ ಮೆಟ್ಟಿಲುಗಳು ಮಂಡಿನೋವಿನವರಿಗೆ ಇದ್ದೂ ಇಲ್ಲದಂತೆ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಸುರಕ್ಷತಾ ಮಾನದಂಡ ಪಾಲಿಸದ ರಸ್ತೆ ನಿರ್ಮಾಣ ಪ್ರಾಧಿಕಾರ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 198ಎ ಕಲಂ ಮೋಟಾರು ವಾಹನಗಳ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂತು. ಹೀಗಿದ್ದೂ ಶೇಕಡಾವಾರು ಹಂಚುವಾಗ ರಸ್ತೆ ಮಾಡಿದವರು ಸಾಮಾನ್ಯವಾಗಿ ಲೆಕ್ಕದಲ್ಲಿರುವುದಿಲ್ಲ. ಅವರ ಪಾಲು ಸದ್ದಿಲ್ಲದೆ ಸತ್ತವರ ಪಾಲಿಗೆ ಸೇರಿಹೋಗುತ್ತದೆ.

ಕಡಿತವಿಲ್ಲದ ಪರಿಹಾರ ಈ ದೇಶದ ಕಾನೂನಿಗೆ ಹೊಸದೂ ಅಲ್ಲ, ಅಪರಿಚಿತವೂ ಅಲ್ಲ. 1988ರ ಕಾಯ್ದೆಯ 140ನೆಯ ಕಲಂ ಯಾರ ತಪ್ಪೆಂದು ನೋಡದೆ ಸಾವಿಗೆ 50,000, ಶಾಶ್ವತ ಅಂಗವೈಕಲ್ಯಕ್ಕೆ 25,000 ರೂಪಾಯಿ ಕೊಡಿಸುತ್ತಿತ್ತು. ಗಾಯಾಳುವಿನ ತಪ್ಪಿನ ಕಾರಣಕ್ಕೆ ಆ ಮೊತ್ತವನ್ನು ಇಳಿಸುವಂತಿಲ್ಲ ಎಂದು ಅದೇ ಕಲಂ ಸ್ಪಷ್ಟವಾಗಿ ಹೇಳಿತ್ತು, ಅದನ್ನು ಪಡೆದ ಮೇಲೂ ಪೂರ್ಣ ಪರಿಹಾರದ ಅರ್ಜಿ ಮುಂದುವರಿಯುತ್ತಿತ್ತು. ವಾರ್ಷಿಕ ಆದಾಯ 40,000 ರೂಪಾಯಿ ಮೀರದವರಿಗಾಗಿ ಇದ್ದ 163ಎ ಕಲಮಿನಡಿ ವಿಮಾ ಕಂಪನಿಯು ಗಾಯಾಳುವಿನ ನಿರ್ಲಕ್ಷ್ಯದ ಮಾತನ್ನೇ ಎತ್ತುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ತೀರ್ಮಾನಿಸಿತು. 2019ರ ತಿದ್ದುಪಡಿ ಇವೆರಡನ್ನೂ ತೆಗೆದು 164ನೆಯ ಕಲಮನ್ನು ತಂದಿತು: ತಪ್ಪಿನ ವಿಚಾರವಿಲ್ಲದೆ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಮೊತ್ತ ದೊಡ್ಡದಾಯಿತು ನಿಜ, ಆದರೆ ಅದನ್ನು ಸ್ವೀಕರಿಸಿದರೆ 166ರ ಅರ್ಜಿ ಬಿದ್ದುಹೋಗುತ್ತದೆ. ಮೇಲಿನ ಉದಾಹರಣೆಯ ತರಕಾರಿ ವ್ಯಾಪಾರಿಯ ಮನೆಯವರು ಕೂಡಲೇ ಸಿಗುವ ಐದು ಲಕ್ಷ ಮತ್ತು ಅನಿಶ್ಚಿತ ಶೇಕಡಾ ಕಡಿತದ ಭಯದೊಡನೆ ದೂರದಲ್ಲಿರುವ 30 ಲಕ್ಷ, ಇವೆರಡರ ನಡುವೆ ಆರಿಸಿಕೊಳ್ಳಬೇಕು. ಅರ್ಜಿಗೆ ಆರು ತಿಂಗಳ ಗಡುವನ್ನೂ ಅದೇ ತಿದ್ದುಪಡಿ ಮರಳಿ ತಂದಿದೆ; ಹಲವು ಗಾಯಾಳುಗಳಿಗೆ ಊರುಗೋಲು ಹಿಡಿದು ನಿಲ್ಲಲೇ ಅಷ್ಟು ಕಾಲ ಬೇಕು.

ಸಂಸತ್ತು ಮಾಡಬೇಕಾದದ್ದು ದೊಡ್ಡ ಸುಧಾರಣೆಯೇನಲ್ಲ: 140ನೆಯ ಕಲಮಿನಲ್ಲಿ ಅಲ್ಪ ಮೊತ್ತಕ್ಕೆ ಇದ್ದ ‘ಇಳಿಸುವಂತಿಲ್ಲ’ ಎಂಬ ನಿಯಮವನ್ನು, ಬೇಕೆಂದೇ ಹಾನಿ ತಂದುಕೊಂಡವರನ್ನೂ ಕ್ಷಮಿಸಲಾಗದ ತಪ್ಪೊಂದೇ ಕಾರಣವಾದ ಸಂದರ್ಭವನ್ನೂ ಹೊರಗಿಟ್ಟು, ಪಾದಚಾರಿಗಳು ಸಲ್ಲಿಸುವ 166ರ ಅರ್ಜಿಗಳಿಗೆ ವಿಸ್ತರಿಸುವುದು. ಅಲ್ಲಿಯವರೆಗೆ ನ್ಯಾಯಮಂಡಳಿಗಳು ಕೈಕಟ್ಟಿ ಕೂರಬೇಕಾಗಿಲ್ಲ. ಸಾಬೀತುಪಡಿಸುವ ಹೊಣೆ ತಕರಾರು ಎತ್ತಿದವರದು ಎಂಬ ನಿಯಮವನ್ನು ಅಕ್ಷರಶಃ ಪಾಲಿಸಿದರೂ ಬಹಳಷ್ಟು ಕಡಿತಗಳು ನಿಲ್ಲಲಾರವು. ಪಾದಚಾರಿಯ ಪರಿಹಾರದಿಂದ ಕಳೆಯುವ ತೀರ್ಪು ವಾಹನದ ವೇಗದ ಬಗ್ಗೆ ಯಾವ ಸಾಕ್ಷ್ಯವಿತ್ತು, ದಾಟಲು ಸುರಕ್ಷಿತವಾದ ಜಾಗ ಅಲ್ಲಿಂದ ಎಷ್ಟು ಮೀಟರ್ ದೂರದಲ್ಲಿತ್ತು, ಆ ಶೇಕಡಾ ಅಂಕಿಗೆ ಬಂದದ್ದು ಹೇಗೆ ಎಂಬುದನ್ನು ಬರೆದು ತೋರಿಸಬೇಕು. ಬರೆಯಲಾಗದ ಕಡೆ ಸಹನಿರ್ಲಕ್ಷ್ಯ ಸಾಬೀತಾಗಿಲ್ಲ ಎಂದು ತೀರ್ಮಾನಿಸಲು ಈಗಿನ 168ನೆಯ ಕಲಮಿನಲ್ಲಿ ಯಾವ ಅಡ್ಡಿಯೂ ಇಲ್ಲ.